ದೊಡ್ಡವರ ಆಟಕ್ಕೆ ಬಿಡುವು

ನಮ್ಮ ಭಾಷೆಯಲ್ಲಿ ‘ಆಟ’ವೆಂಬ ಮಾತಿಗೆ ಇರುವಷ್ಟು ದೊಡ್ಡ ಬಳಗ ಬೇರೊಂದು ಮಾತಿಗೆ ಇದ್ದೀತೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮಗುವಿನದು ತುಂಟಾಟ, ಬಾಲಕರದು ಹುಡುಗಾಟ, ಹರೆಯದವರದು ಒಡನಾಟ, ಓಡಾಟ, ಸಂಸಾರಸ್ಥರದು ಹೋರಾಟ, ಪರದಾಟ, ಮುಪ್ಪಿನವರದು ಗೊಣಗಾಟ, ನರಳಾಟ. ತೊಟ್ಟಿಲಿನಿಂದ ಚಟ್ಟದವರೆಗೆ ನಮ್ಮ ಮಾತು ಆಟವನ್ನು ಕೈಬಿಟ್ಟಿಲ್ಲ. ಕೈಬಿಟ್ಟವರು ನಾವು. ಮೀಸೆ ಮೂಡಿ, ಕೆಲಸ ಸಿಕ್ಕಿ, ಮನೆಯ ಭಾರ ಹೆಗಲಿಗೆ ಬಂದ ಕೂಡಲೆ, ನಾವು ಬಾಲ್ಯದಲ್ಲಿ ಪ್ರಾಣದಂತೆ ಪ್ರೀತಿಸಿದ ಆಟವೊಂದನ್ನು ಹಳೆಯ ಅಂಗಿಯಂತೆ ಮಡಿಸಿ ಅಟ್ಟದ ಮೇಲಿಡುತ್ತೇವೆ. ಮುಂದೆ ಎಂದಾದರೂ ತೆಗೆದೇವೆಂದುಕೊಳ್ಳುತ್ತೇವೆ. ತೆಗೆಯುವುದೇ ಇಲ್ಲ.

ನಾನು ಈ ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳುವವನು. ವಾರ್ಷಿಕ ಸಂಚಿಕೆಯ ಕೆಲಸ ವಹಿಸಿಕೊಂಡ ವಿದ್ಯಾರ್ಥಿಗಳು ಬಂದು, “ಸಾರ್, ದುರ್ಗದ ಪಾಳೆಯಗಾರರ ಮೇಲೆ ಒಂದು ಲೇಖನ ಬರೆದುಕೊಡಿ” ಎಂದು ಕೇಳಿದರು. ಪಾಳೆಯಗಾರರ ವಿಷಯವನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಈ ಒಂದು ವರ್ಷ ನನಗೆ ಬೇರೆ ವಿಷಯಕ್ಕೆ ಅವಕಾಶ ಕೊಡಬೇಕೆಂದು ಬೇಡಿಕೊಂಡೆನು. ಬೆಳೆದವರು ತಾವು ಪ್ರೀತಿಸುವ ಆಟಕ್ಕೆ ಬಿಡುವು ಮಾಡಿಕೊಳ್ಳುವುದು ಹೇಗೆ, ಅದು ಏಕೆ ಕಷ್ಟ, ನಮ್ಮ ಸೀಮೆಯ ಹಿರಿಯರು ಇದಕ್ಕೆ ಏನು ಏರ್ಪಾಡು ಮಾಡಿಕೊಂಡಿದ್ದರು ಎಂಬಿಷ್ಟನ್ನು ತಿಳಿದಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ. ವಿಷಯ ಹಗುರವೆಂದು ತೋರಬಹುದು. ನನಗೆ ಅದು ಹಗುರವಲ್ಲವೆಂಬುದು ಮುಂದೆ ತಿಳಿಯುತ್ತದೆ.

ಮೊದಲು ಆಟವೆಂದರೆ ಯಾವುದೆಂಬುದನ್ನು ಸ್ವಲ್ಪ ಬಿಡಿಸಿಕೊಳ್ಳೋಣ. ಯೋಹಾನ್ ಹಾಯ್ಜಿಂಗ ಎಂಬ ಡಚ್ ಚರಿತ್ರಕಾರನು 1938ರಲ್ಲಿ ‘ಹೋಮೋ ಲ್ಯೂಡೆನ್ಸ್’, ಎಂದರೆ ‘ಆಡುವ ಮಾನವ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಅವನು ಹೇಳುವ ಲಕ್ಷಣಗಳು ಸರಳವಾಗಿವೆ. ಆಟವು ಒತ್ತಾಯದಿಂದ ಆಗುವಂಥದಲ್ಲ, ಮನಸ್ಸೊಪ್ಪಿ ಆಡುವಂಥದು. ಅದಕ್ಕೆ ತನ್ನದೇ ಆದ ಜಾಗವೂ ಹೊತ್ತೂ ಇರುತ್ತವೆ. ಆ ಗೆರೆಯೊಳಗೆ ಬಂದವನು ಹೊರಗಿನ ವ್ಯವಹಾರವನ್ನು ಬಿಟ್ಟು ಬಂದಿರುತ್ತಾನೆ. ಅದರಿಂದ ಲಾಭ ಬರಬೇಕೆಂಬುದಿಲ್ಲ. ಈ ಕೊನೆಯ ಮಾತು ಮುಖ್ಯ. ಧರ್ಮರಾಯನು ಪಗಡೆ ಆಡಿದನೆಂದು ನಾವು ಹೇಳುತ್ತೇವೆ. ನಿಜವಾಗಿ ಅವನು ಆಡಿದ್ದು ಆಟವಲ್ಲ, ಜೂಜು. ಪಣವಿಟ್ಟ ಗಳಿಗೆಗೆ ಆಟ ಸತ್ತುಹೋಯಿತು. ಮೊಬೈಲಿನಲ್ಲಿ ಹಣ ಕಟ್ಟಿ ಇಸ್ಪೀಟು ಆಡಿ ಮನೆ ಮಾರಿಕೊಂಡವರದೂ ಇದೇ ಕಥೆ. ಹಣ ಪಣವಾಗಿರುವ ಇಂಥ ಆನ್‌ಲೈನ್ ಆಟಗಳನ್ನು ನಿಷೇಧಿಸಿ ನಮ್ಮ ಸಂಸತ್ತು 2025ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ನಾನು ಹೇಳಹೊರಟಿರುವುದು ಗೆದ್ದರೂ ಸೋತರೂ ಕಿಸೆ ಇದ್ದಂತೆಯೇ ಇರುವ, ಮನಸ್ಸು ಮಾತ್ರ ಹಗುರವಾಗುವ ಆಟವನ್ನು ಕುರಿತು. ಅದು ಪಟ ಹಾರಿಸುವುದಾಗಿರಬಹುದು, ಚೌಕಾಬಾರವಾಗಿರಬಹುದು, ಈಜಾಗಿರಬಹುದು, ಹಾರ್ಮೋನಿಯಂ ಬಾರಿಸುವುದಾಗಿರಬಹುದು, ಬಣ್ಣ ಹಚ್ಚಿ ವೇಷ ಕಟ್ಟುವುದಾಗಿರಬಹುದು.

ವೇಷದ ಮಾತು ಬಂದಿತಾಗಿ ನನ್ನ ತಂದೆಯವರ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ಊರಲ್ಲಿ ಒಂದು ಪೌರಾಣಿಕ ನಾಟಕ ಆಗುತ್ತಿತ್ತು. ಹಾರ್ಮೋನಿಯಂ ಮೇಷ್ಟರೊಬ್ಬರನ್ನು ಗೊತ್ತುಮಾಡಿ, ಎರಡು ತಿಂಗಳು ರಾತ್ರಿ ಊಟವಾದ ಮೇಲೆ ಶಾಲೆಯ ಜಗಲಿಯಲ್ಲಿ ತಾಲೀಮು ನಡೆಸುತ್ತಿದ್ದರು. ಹಗಲೆಲ್ಲ ಹೊಲದಲ್ಲಿ ದುಡಿದ ಜನ ರಾತ್ರಿ ಹನ್ನೆರಡರವರೆಗೆ ಕಂದಪದ್ಯ ಕಲಿಯುತ್ತಿದ್ದರು. ಪಾತ್ರಕ್ಕೆ ತಕ್ಕಂತೆ ಪಾತ್ರಧಾರಿಯೇ ಚಂದಾ ಹಾಕಬೇಕು. ಸೀನರಿ, ಮೇಷ್ಟರ ಸಂಭಾವನೆ, ಹೊರಗಿನಿಂದ ಬರುವ ನಟಿಯರ ಖರ್ಚು ಎಲ್ಲ ಅದರಲ್ಲಿಯೇ ನಡೆಯಬೇಕು. ಅಪ್ಪನದು ಭೀಮನ ಪಾತ್ರ. ಎತ್ತುಗಳಿಗೆ ಮೇವು ಹಾಕುವಾಗಲೂ ಅಪ್ಪ ದುಶ್ಶಾಸನನಿಗೆ ಸವಾಲು ಹಾಕುತ್ತಿದ್ದರು. ಎತ್ತುಗಳು ಮೆಲುಕು ನಿಲ್ಲಿಸಿ ಕೇಳುತ್ತಿದ್ದುವು.

2001ರಲ್ಲಿ ನಾನು ಓದಲೆಂದು ದುರ್ಗಕ್ಕೆ ಬಂದೆನು. ಕೋಣೆಯ ಬಾಡಿಗೆ, ಊಟ, ಪುಸ್ತಕ ಎಂದು ಖರ್ಚು ಹೆಚ್ಚಿತು. ಆ ವರ್ಷ ಅಪ್ಪ ಪಾತ್ರ ಹಿಡಿಯಲಿಲ್ಲ. ಯಾರೋ ಕೇಳಿದ್ದಕ್ಕೆ “ಬರೋ ವರ್ಷ ನೋಡೋಣ ಬಿಡ್ರಪ್ಪ” ಎಂದರಂತೆ. ಮರುವರ್ಷ ಮಳೆ ಇರಲಿಲ್ಲ, ಅದರ ಮರುವರ್ಷ ಅಕ್ಕನ ಮದುವೆ, ಆಮೇಲೆ ಕೊಳವೆಬಾವಿ, ಆಮೇಲೆ ಅದರ ಸಾಲ. ಪ್ರತಿವರ್ಷವೂ ಕಾರಣ ಬೇರೆ, ಉತ್ತರ ಒಂದೇ. ನನಗೆ ಸಂಬಳ ಬರತೊಡಗಿದ ಮೇಲೆ ಒಮ್ಮೆ, “ಅಪ್ಪ, ಈ ಸಲ ನೀವು ಪಾತ್ರ ಮಾಡಿ, ಚಂದಾ ನಾನು ಕೊಡುತ್ತೇನೆ” ಎಂದೆನು. ಅಪ್ಪ ಬಾಯಿ ತೆರೆದು ನಕ್ಕರು. “ಹಲ್ಲಿಲ್ಲದ ಭೀಮನ್ನ ಯಾರು ನೋಡ್ತಾರೋ?” ಎಂದರು. 2019ರಲ್ಲಿ ಅವರು ತೀರಿಕೊಂಡರು. ಭಾರತದ ಯುದ್ಧ ನಡೆದದ್ದು 18 ದಿನ. ನಮ್ಮ ಮನೆಯ ಭೀಮನು ‘ಬರೋ ವರ್ಷ’ಕ್ಕಾಗಿ ಕಾದದ್ದು 18 ವರ್ಷ. ಕರ್ಮಾಂತರವಾದ ಮೇಲೆ ಕೊಟ್ಟಿಗೆಗೆ ಹೋದಾಗ, ಬೆಳ್ಳಿಯ ಕಾಗದ ಉದುರಿಹೋದ ಆ ಮರದ ಗದೆ ಕಂಡಿತು. ಗಾಳಿಗೆ ಬಾಗಿಲು ಬಡಿಯದಿರಲೆಂದು ಅವ್ವ ಅದನ್ನು ಆನಿಸಿಟ್ಟಿದ್ದರು.

ಅಪ್ಪನ ತ್ಯಾಗದಿಂದ ನಾನು ಓದಿದೆನು. ಇದನ್ನು ಮರೆತರೆ ಕೃತಘ್ನನಾಗುತ್ತೇನೆ. ಆದರೆ ಮೊದಲ ಎರಡು ಮೂರು ವರ್ಷ ಬಿಟ್ಟರೆ ಉಳಿದ ವರ್ಷಗಳಲ್ಲಿ ಅಡ್ಡವಾದದ್ದು ಹಣವಲ್ಲ, ಬಿಟ್ಟ ಅಭ್ಯಾಸ. ಒಂದು ಸಲ ಮುಂದಕ್ಕೆ ಹಾಕಿದ್ದನ್ನು ಮತ್ತೆ ಹಾಕುವುದು ಸುಲಭ. ನಾನೇ ನೋಡಿ: ಹುಡುಗನಾಗಿದ್ದಾಗ ಪಟವೆಂದರೆ ನನಗೆ ಹುಚ್ಚು. ಕೆಲಸಕ್ಕೆ ಸೇರಿದ ಮೇಲೆ ಒಂದು ಪಟವನ್ನೂ ಮುಟ್ಟಿರಲಿಲ್ಲ. ಮಗಳು ಕೇಳಿದಾಗೆಲ್ಲ “ಈ ಪರೀಕ್ಷೆ ಒಂದು ಮುಗಿಯಲಿ, ಮೌಲ್ಯಮಾಪನ ಒಂದು ಮುಗಿಯಲಿ” ಎನ್ನುತ್ತಿದ್ದೆನು. ನನ್ನ ಬಾಯಲ್ಲಿ ಅಪ್ಪನ ಮಾತೇ ಬೇರೆ ವೇಷದಲ್ಲಿ ಬರುತ್ತಿದೆಯೆಂಬುದು ನನಗೆ ಬಹಳ ದಿನ ಹೊಳೆಯಲಿಲ್ಲ.

ಬೆಳೆದವರ ಆಟವನ್ನು ಕದಿಯುವ ಕಳ್ಳರು ಮೂವರೆಂದು ನನಗೆ ತೋರುತ್ತದೆ. ಮೊದಲನೆಯವನು ಈ ‘ಮುಂದೆ ನೋಡೋಣ’. ಕೆಲಸವೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಆಡಬೇಕೆಂದು ನಾವು ತಿಳಿಯುತ್ತೇವೆ. ಕೆಲಸ ಮುಗಿಯುವುದಿಲ್ಲ. ಮುಗಿದರೂ ಆ ಉಳಿದ ಚೂರನ್ನು ಈಗ ಕೈಯಲ್ಲಿರುವ ಮೊಬೈಲು ನುಂಗುತ್ತದೆ. ಅರ್ಧ ಗಂಟೆ ಬೆರಳಾಡಿಸಿ ಎದ್ದಾಗ ಆಡಿದ ಹಗುರವೂ ಇಲ್ಲ, ದುಡಿದ ತೃಪ್ತಿಯೂ ಇಲ್ಲ.

ಎರಡನೆಯವನು ನಾಚಿಕೆ. ‘ಇಷ್ಟು ದೊಡ್ಡವನಾಗಿ!’ ಎಂಬ ಮಾತಿಗೆ ನಾವು ಹೆದರುವಷ್ಟು ಹುಲಿಗೂ ಹೆದರುವುದಿಲ್ಲ. ಆಟ ಹುಡುಗರಿಗೆ, ಗಾಂಭೀರ್ಯ ದೊಡ್ಡವರಿಗೆ ಎಂಬ ಹಂಚಿಕೆಯನ್ನು ಯಾರು ಮಾಡಿದರೋ ತಿಳಿಯದು. ನಮ್ಮ ನಾಡಿನ ಚರಿತ್ರೆಯಂತೂ ಇದನ್ನು ಒಪ್ಪುವುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ನೋಡಿ. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ರಾಜ್ಯಭಾರವನ್ನು ಕಿತ್ತುಕೊಂಡರು. ಉಳಿದ 37 ವರ್ಷಗಳಲ್ಲಿ ಅವರು ಸಾಹಿತ್ಯಕ್ಕೆ, ಚಿತ್ರಕ್ಕೆ ಎಷ್ಟು ಮನಸ್ಸು ಕೊಟ್ಟರೋ ಆಟಗಳಿಗೂ ಅಷ್ಟೇ ಕೊಟ್ಟರು. ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಸಮಸ್ಯೆಯನ್ನು ಬಿಡಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಎಂಟರಲ್ಲಿ ದೇವತೆಗಳು, ಗ್ರಹಗಳು, ಆಗಮಗಳ ವಿಷಯವಿದ್ದರೆ, ಒಂಬತ್ತನೆಯದಾದ ‘ಕೌತುಕನಿಧಿ’ ಆಟಗಳಿಗೆ ಮೀಸಲು. ಗಂಜೀಫಾ ಎಲೆಗಳ ವಿವರವೂ ಅದರಲ್ಲಿದೆ. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಬರೆಸಿದ ಆಟದ ಪಟಗಳನ್ನು ಇಂದಿಗೂ ನೋಡಬಹುದು. ದೇವರ ಧ್ಯಾನಶ್ಲೋಕಗಳೊಂದಿಗೆ ಒಂದೇ ಗ್ರಂಥದಲ್ಲಿ ಆಟಕ್ಕೆ ಜಾಗ ಕೊಟ್ಟವರು ಆಟವನ್ನು ಹುಡುಗುತನವೆಂದು ತಿಳಿದಿರಲಾರರು.

‘ಅದು ಅರಸರ ಮಾತಾಯಿತು, ಅಧ್ಯಾಪಕರ ಮಾತು ಹೇಳಿ’ ಎನ್ನುವವರಿಗೆ ಬಿ. ಜಿ. ಎಲ್. ಸ್ವಾಮಿಯವರಿದ್ದಾರೆ. ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಪ್ರಾಂಶುಪಾಲರು. ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಪ್ರಸಂಗಗಳನ್ನು ತಮಾಷೆಯಾಗಿ ಬರೆದು, ಅದಕ್ಕೆ ಚಿತ್ರಗಳನ್ನೂ ತಾವೇ ಬಿಡಿಸಿದರು. ಆ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಪ್ರಶಸ್ತಿ ಬಾರದಿದ್ದರೂ ಅವರು ಚಿತ್ರ ಬಿಡಿಸುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಪುಸ್ತಕದ ಪುಟಪುಟವೂ ಆ ಸಂತೋಷವನ್ನು ಹೇಳುತ್ತದೆ.

ಮೂರನೆಯ ಕಳ್ಳನು ಇವರಿಬ್ಬರಿಗಿಂತ ಜಾಣ. ಅವನು ಆಟವನ್ನು ಕದಿಯುವುದಿಲ್ಲ, ಕೆಲಸವನ್ನಾಗಿ ಮಾಡಿಬಿಡುತ್ತಾನೆ. ಹಾಡುವುದು ಚೆನ್ನಾದರೆ ಸ್ಪರ್ಧೆಗೆ ಹೋಗು, ಚಿತ್ರ ಚೆನ್ನಾದರೆ ಮಾರು, ಬೆಟ್ಟ ಹತ್ತಿದರೆ ಎಷ್ಟು ಹೆಜ್ಜೆಯೆಂದು ಎಣಿಸು, ಎಣಿಸಿದ್ದನ್ನು ನಾಲ್ಕು ಜನಕ್ಕೆ ತೋರಿಸು ಎಂದು ಕಿವಿಯಲ್ಲಿ ಊದುತ್ತಿರುತ್ತಾನೆ. ನಮ್ಮ ಊರಿನ ಕೋಟೆಯನ್ನು ಬೆಳಗ್ಗೆ ಹತ್ತುವವರಲ್ಲಿ ಕೆಲವರು ಕೈಗಡಿಯಾರವನ್ನು ನೋಡುವಷ್ಟು ಬಂಡೆಗಳನ್ನು ನೋಡುವುದಿಲ್ಲ. ಆರೋಗ್ಯಕ್ಕೆ ಅದು ಒಳ್ಳೆಯದೇ. ಆಟ ಮಾತ್ರ ಅದಲ್ಲ.

ಹಾಗಾದರೆ ನಮ್ಮ ಹಿರಿಯರು ಹೇಗೆ ನಿಭಾಯಿಸುತ್ತಿದ್ದರು? ಅವರಿಗೆ ನಮಗಿಂತ ಹೆಚ್ಚು ಬಿಡುವಿತ್ತೆನ್ನುವುದು ಸುಳ್ಳು. ಕಪಿಲೆ ಹೊಡೆದು ನೀರೆತ್ತಿದವರಿಗೆ, ಬೀಸುವ ಕಲ್ಲು ತಿರುಗಿಸಿದವರಿಗೆ ಬಿಡುವೆಲ್ಲಿಯದು? ಆದರೆ ಅವರು ಆಟವನ್ನು ‘ಉಳಿದ ಹೊತ್ತಿ’ಗೆ ಬಿಡಲಿಲ್ಲ, ಪಂಚಾಂಗದಲ್ಲಿ ಕಟ್ಟಿಹಾಕಿದರು. ಒಂದೊಂದು ಆಟಕ್ಕೆ ಒಂದೊಂದು ಕಾಲ. ಗುಜರಾತಿನಲ್ಲಿ ಪಟದ ಹಬ್ಬ ಸಂಕ್ರಾಂತಿಗೆ. ನಮ್ಮಲ್ಲಿ ಪಟದ ಕಾಲ ಆಷಾಢದ ಆಸುಪಾಸು. ಅದಕ್ಕೆ ಕಾರಣ ಗಾಳಿ. ನೈರುತ್ಯ ಮಾರುತವು ಮಲೆನಾಡಿನಲ್ಲಿ ಮಳೆಯನ್ನೆಲ್ಲ ಸುರಿಸಿ, ನಮ್ಮ ಬಯಲಿಗೆ ಬರುವಾಗ ಹೆಚ್ಚಾಗಿ ಬರೀ ಗಾಳಿಯಾಗಿ ಬರುತ್ತದೆ. ಜೋಗಿಮಟ್ಟಿಯ ಮೇಲೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಗುಡ್ಡಗಳ ಮೇಲೂ ವಿದ್ಯುತ್ತು ತೆಗೆಯುವ ಗಾಳಿಯಂತ್ರಗಳು ತಿರುಗುತ್ತಿರುವುದು ಇದೇ ಗಾಳಿಯ ಬಲದಿಂದ. ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಮಳೆಗಾಗಿ ಆಕಾಶ ನೋಡುವುದೊಂದೇ ಕೆಲಸ. ಹೇಗೂ ಆಕಾಶ ನೋಡಬೇಕು, ಅಲ್ಲಿ ಒಂದು ಪಟವಿರಲಿ ಎಂದುಕೊಂಡರೇನೋ!

ಶ್ರಾವಣ ಬಂದೊಡನೆ ನಾಗರಪಂಚಮಿ. ಉತ್ತರ ಕರ್ನಾಟಕದಲ್ಲಿಯೂ ನಮ್ಮ ಕಡೆಯ ಹಲವು ಊರುಗಳಲ್ಲಿಯೂ ಅಂದು ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಜೀಕುವವರು ಹುಡುಗಿಯರು ಮಾತ್ರವಲ್ಲ. ಮಕ್ಕಳ ತಾಯಂದಿರೂ ಸೆರಗು ಸಿಕ್ಕಿಸಿ ಜೀಕುತ್ತಾರೆ. ವರ್ಷದ ಉಳಿದ ದಿನ ಅದೇ ಹೆಂಗಸು ಜೋಕಾಲಿ ಏರಿದ್ದರೆ ಊರು ಏನೆನ್ನುತ್ತಿತ್ತು? ಹಬ್ಬದ ದಿನ ಯಾರೂ ಏನೂ ಅನ್ನರು. ಎಂದರೆ, ಪಂಚಾಂಗವು ಬಿಡುವನ್ನು ಕೊಟ್ಟಿದ್ದಲ್ಲದೆ ನಾಚಿಕೆಯನ್ನೂ ತೆಗೆದುಹಾಕಿತ್ತು. ಸುಗ್ಗಿಯ ಅನಂತರದ ಬಯಲಾಟ, ನಾಟಕಗಳ ಗುಟ್ಟೂ ಇದೇ.

ಈ ಕ್ರಮ ಹೊಸ ಕಾಲದಲ್ಲಿಯೂ ನಡೆಯಬಲ್ಲುದೆಂಬುದಕ್ಕೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಸಾಕ್ಷಿ. ಅಲ್ಲಿ 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘ ಹುಟ್ಟಿತು. 1997ರಿಂದ ಶಿವಸಂಚಾರ ತಂಡ ನಾಟಕಗಳನ್ನು ಕಟ್ಟಿಕೊಂಡು ಊರೂರು ತಿರುಗುತ್ತಿದೆ. ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ ಅಲ್ಲಿಯ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ ನಡೆಯುತ್ತದೆ. ನನ್ನ ಅಕ್ಕನನ್ನು ಕೊಟ್ಟಿರುವುದು ಆ ಕಡೆಯ ಹಳ್ಳಿಗೆ. ನಾಟಕದ ದಿನಗಳಲ್ಲಿ ಅವಳು ಹಾಲು ಕರೆಯುವುದನ್ನು ಬೇಗ ಮುಗಿಸಿ, ಮುದ್ದೆ ಮಾಡಿಟ್ಟು, ನೆರೆಮನೆಯವರೊಡನೆ ಹೊರಟುಬಿಡುತ್ತಾಳೆ. “ನಿನಗೆ ಬಿಡುವು ಹೇಗೆ ಸಿಗುತ್ತದಕ್ಕ?” ಎಂದು ಒಮ್ಮೆ ಕೇಳಿದೆನು. “ಬಿಡುವಿದೆ ಅಂತ ನಾಟಕಕ್ಕೆ ಹೋಗಲ್ಲ ಕಣೋ, ನಾಟಕ ಐತಲ್ಲ ಅಂತ ಬಿಡುವು ಮಾಡ್ಕೋತೀನಿ” ಎಂದಳು. ಈ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

‘ಬಿಡುವು’ ಎಂಬ ಮಾತು ‘ಬಿಡು’ ಎಂಬುದರಿಂದ ಬಂದುದಲ್ಲವೆ? ಬಿಡುವು ಸಿಗುವ ವಸ್ತುವಲ್ಲ. ಏನನ್ನೋ ಬಿಟ್ಟಾಗ ಆಗುವ ಜಾಗ. ನಮ್ಮ ಜಿಲ್ಲೆಯವರಿಗೆ ಇದನ್ನು ಹಿರಿಯೂರಿನ ಮಾರಿಕಣಿವೆಯ ದೃಷ್ಟಾಂತದಿಂದ ಹೇಳುವುದು ಸುಲಭ. ವೇದಾವತಿಗೆ ಅಡ್ಡಲಾಗಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಆ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಅನಂತರ. ಅದನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಹೋಯಿತು. ಪ್ಯಾಂಟು ಮಡಿಸಿ, ಸೀರೆ ಎತ್ತಿಕಟ್ಟಿ ದೊಡ್ಡವರೆಲ್ಲ ಮಕ್ಕಳಂತೆ ನೀರಿಗಿಳಿದರು. ಅನಂತರ ಮತ್ತೆಯೂ ಕೋಡಿ ಬಿದ್ದಿತು, ಸಂತೋಷ. ಆದರೆ ಆ 89 ವರ್ಷ ಅಚ್ಚುಕಟ್ಟಿನ ರೈತರು ಕೋಡಿಗಾಗಿ ಕಾದು ಕುಳಿತಿದ್ದರೆ ಒಂದು ಬೆಳೆಯನ್ನಾದರೂ ಕಂಡಿರುತ್ತಿದ್ದರೆ? ಕೆರೆ ತುಂಬಿರಲಿ, ಅರ್ಧವಿರಲಿ, ಗೊತ್ತಾದ ದಿನ ತೂಬು ಎತ್ತಿ, ಇದ್ದುದರಲ್ಲಿಯೇ ಒಂದಿಷ್ಟನ್ನು ಕಾಲುವೆಗೆ ಬಿಡುತ್ತಿದ್ದರು. ನಾವು ನಮ್ಮ ದಿನಗಳ ಕೆರೆ ಕೋಡಿ ಬಿದ್ದ ಮೇಲೆ ಆಡೋಣವೆಂದು ಕಾಯುತ್ತೇವೆ. ನನ್ನ ತಂದೆ ಹಾಗೆ ಕಾದರು. ಆಟಕ್ಕೆ ಬೇಕಾದುದು ಕೋಡಿಯ ನೀರಲ್ಲ, ತೂಬಿನ ನೀರು.

ಇದನ್ನು ಮನಗಂಡ ಮೇಲೆ, ಎರಡು ವರ್ಷದ ಹಿಂದೆ, ಆಷಾಢದ ಮೊದಲ ಭಾನುವಾರ ಸಂಜೆ ಪಟ ಹಾರಿಸುವುದೆಂದು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆನು. ಹಿರಿಯೂರು ನನ್ನ ಹೆಂಡತಿಯ ತವರು. ಹಿಂದಿನ ದಿನವೇ ಅಲ್ಲಿಗೆ ಹೋಗಿ, ಭಾವಮೈದನಿಂದ ಬಿದಿರು ಸೀಳಿಸಿ, ಮೈದಾ ಅಂಟು ಕುದಿಸಿ, ಕಾಗದ ಕತ್ತರಿಸಿ ಕುಳಿತೆನು. ಕೈಗೆ ಎಲ್ಲ ನೆನಪಿದೆಯೆಂದುಕೊಂಡಿದ್ದೆನು. ನೆಟ್ಟಗಿನ ಕಡ್ಡಿ ಒಂದು, ಬಿಲ್ಲಿನಂತೆ ಬಾಗಿಸುವ ಕಡ್ಡಿ ಒಂದು. ಇವು ಸರಿಯಾಗಿಯೇ ಬಂದುವು. ಮರುದಿನ ಊರಾಚೆಯ ಹೊಲಕ್ಕೆ ಹೋಗಿ ಬಿಟ್ಟರೆ, ಪಟ ಎರಡಾಳೆತ್ತರ ಏರಿ, ಬುಗುರಿಯಂತೆ ಸುತ್ತಿ, ಬೇವಿನ ಮರಕ್ಕೆ ಹೋಗಿ ಬಿದ್ದಿತು. ಎರಡನೆಯದೂ ಹಾಗೆಯೇ. ಮಗಳು ಏನೂ ಹೇಳಲಿಲ್ಲ; ಅದು ಇನ್ನೂ ಕಷ್ಟವಾಗಿತ್ತು. ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಬೈಕೊಂದು ನಿಂತಿತು. “ಸಾರ್, ನೀವಾ?” ಎಂದು ಕೇಳಿದವನು ನಮ್ಮ ಎರಡನೆಯ ವರ್ಷದ ವಿದ್ಯಾರ್ಥಿ. ನನಗೆ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು.

ಅವನು ನಗಲಿಲ್ಲ. ಪಟವನ್ನು ತಿರುಗಿಸಿ ನೋಡಿ, “ಸೂತ್ರ ತಪ್ಪಾಗಿದೆ ಸಾರ್” ಎಂದನು. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗ ಅಂದು ನನಗೆ ಪಾಠ ಹೇಳಿದನು. ಸೂತ್ರವೆಂದರೆ ಪಟದ ಮೈಯಿಂದ ಹೊರಟು ಕೈಯ ದಾರಕ್ಕೆ ಸೇರುವ ಜೋಡಿ ದಾರ. ಒಂದು ತುದಿ ಕಡ್ಡಿಗಳೆರಡೂ ಕೂಡುವ ಕಡೆ, ಇನ್ನೊಂದು ಕೆಳಗೆ ನೆಟ್ಟಗಿನ ಕಡ್ಡಿಯ ಮೇಲೆ. ಎರಡೂ ಸೇರುವ ಗಂಟಿನಲ್ಲಿಯೇ ಎಲ್ಲವೂ ಇದೆ. ಗಂಟು ತೀರ ಕೆಳಗಾದರೆ ಪಟವು ಗಾಳಿಗೆ ಎದೆಯೊಡ್ಡಿ ಜಗಳಾಡುತ್ತದೆ, ಏರುವುದಿಲ್ಲ. ತೀರ ಮೇಲಾದರೆ ಮಲಗಿದಂತಾಗಿ ಗಾಳಿಯ ಹಿಡಿತ ತಪ್ಪುತ್ತದೆ. ನಡುವೆ ಒಂದು ಬೆರಳಗಲದ ಜಾಗವಿದೆ; ಅಲ್ಲಿ ಕಟ್ಟಿದರೆ ಪಟ ಗಾಳಿಗೆ ವಾಲಿ ನಿಂತು, ತಳ್ಳುವ ಗಾಳಿಯನ್ನೇ ಮೆಟ್ಟಿಲು ಮಾಡಿಕೊಂಡು ಏರುತ್ತದೆ. ಬಾಲಂಗೋಚಿ ಬರಿಯ ಅಲಂಕಾರವಲ್ಲ. ಬುಡವನ್ನು ಹಿಂದಕ್ಕೆ ಜಗ್ಗಿ ಹಿಡಿದು ಪಟ ಸುತ್ತದಂತೆ ಮಾಡುವುದು ಅದೇ. ನಾನು ಚಿಕ್ಕ ಬಾಲ ಕಟ್ಟಿದ್ದೆನು. ಹಳೆಯ ಸೀರೆಯ ಅಂಚು ಹರಿದು ಸೇರಿಸಿದೆವು. ಮೂರನೆಯ ಪಟ ಏರಿತು. ದಾರ ಬಿಡುತ್ತ ಬಿಡುತ್ತ ಬೆರಳು ಬಿಸಿಯಾಯಿತು. ಮಗಳ ಕೈಗೆ ದಾರ ಕೊಟ್ಟಾಗ ಅವಳು, “ಅಪ್ಪ, ಇದು ಎಳೀತಾ ಇದೆ!” ಎಂದು ಕೂಗಿದಳು. ಆ ಒಂದು ಗಂಟೆಯಲ್ಲಿ ಉತ್ತರಪತ್ರಿಕೆಯ ಕಟ್ಟು ನನಗೆ ಒಮ್ಮೆಯೂ ನೆನಪಾಗಲಿಲ್ಲ. ನೆನಪಾಗದೆ ಹೋದದ್ದರಿಂದ ಅದು ಎಲ್ಲಿಗೂ ಓಡಿಹೋಗಿರಲೂ ಇಲ್ಲ. ಮರುದಿನ ಅಲ್ಲಿಯೇ ಕುಳಿತಿತ್ತು. (ನೂಲಿನ ದಾರವನ್ನೇ ಬಳಸಿದೆವೆಂದು ಹೇಳಬೇಕು. ಹಕ್ಕಿಗಳ ರೆಕ್ಕೆಯನ್ನೂ ಬೈಕಿನವರ ಕೊರಳನ್ನೂ ಕೊಯ್ಯುವ ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ನಿಷೇಧಿಸಿದೆ. ಇತರರ ಪ್ರಾಣಕ್ಕೆ ಎರವಾಗುವುದು ಆಟವಲ್ಲ.)

ಹಿಗ್ಗಿ ಮನೆಗೆ ಬಂದ ನನ್ನನ್ನು ಹೆಂಡತಿ ಒಂದು ಪ್ರಶ್ನೆ ಕೇಳಿದಳು. “ನಿಮ್ಮ ಪಟಕ್ಕೆ ಬಿಡುವಾಯಿತು. ಒಲೆಯ ಮುಂದೆ ನಿಂತವಳಿಗೆ?” ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪ ರಾತ್ರಿ ತಾಲೀಮಿಗೆ ಹೋಗುತ್ತಿದ್ದಾಗ ದನ ಕಟ್ಟಿ, ಮಕ್ಕಳನ್ನು ಮಲಗಿಸಿ, ಕದ ಹಾಕದೆ ಕಾದಿರುತ್ತಿದ್ದವರು ಅವ್ವ. ಅವ್ವನಿಗೂ ಒಂದು ಆಟವಿದ್ದಿರಬೇಕು. ಯಾವುದೆಂದು ನಾನು ಕೇಳಿರಲಿಲ್ಲ. ಒಬ್ಬರ ಬಿಡುವು ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿದ್ದರೆ ಅದು ಬಿಡುವಲ್ಲ, ಭಾರವನ್ನು ಬೇರೆಯವರ ತಲೆಗೆ ದಾಟಿಸಿದ್ದು ಮಾತ್ರ. ಈಗ ನಮ್ಮ ಮನೆಯಲ್ಲಿ ಶನಿವಾರ ಸಂಜೆಯ ಅಡಿಗೆ ನನ್ನದು. ಅವಳು ಪಕ್ಕದ ಮನೆಯವರೊಡನೆ ಜಗಲಿಯಲ್ಲಿ ಸೀಮೆಸುಣ್ಣದ ಮನೆ ಬರೆದು ಕವಡೆ ಹಾಕುತ್ತಾಳೆ. ನನ್ನ ಸಾರು ಅಷ್ಟೇನೂ ಚೆನ್ನಾಗಿಲ್ಲ; ಆದರೂ ಜಗಲಿಯಿಂದ ನಗು ಕೇಳಿಬರುತ್ತದೆ. ಹಳ್ಳಿಗೆ ಹೋದಾಗ ಅವ್ವನನ್ನು ಕೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಪಂಚಮೀಲಿ ನನ್ನಷ್ಟು ಮೇಲಕ್ಕೆ ಯಾರೂ ಜೀಕ್ತಿರಲಿಲ್ಲ” ಎಂದರು.

ಈ ಎರಡು ವರ್ಷದ ಅನುಭವದಿಂದ ನಾನು ಕಲಿತದ್ದನ್ನು ವಿದ್ಯಾರ್ಥಿ ಮಿತ್ರರ ಹಾಗೂ ಸಹೋದ್ಯೋಗಿಗಳ ಮುಂದೆ ಸಂಕ್ಷೇಪವಾಗಿ ಇಡುತ್ತೇನೆ. ಮೊದಲನೆಯದಾಗಿ, ದಿನವನ್ನು ಗೊತ್ತುಮಾಡಿ, ಬರೆದಿಡಿ. ಪಂಚಾಂಗ ಮಾಡುತ್ತಿದ್ದ ಕೆಲಸವನ್ನು ಈಗ ನಾವೇ ಮಾಡಿಕೊಳ್ಳಬೇಕು. ಎರಡನೆಯದಾಗಿ, ಆ ಹೊತ್ತಿಗೆ ಏನನ್ನು ಬಿಡುತ್ತೀರೆಂಬುದನ್ನೂ ಅದರ ಪಕ್ಕದಲ್ಲಿಯೇ ಬರೆಯಿರಿ, ಬಿಡದೆ ಬಿಡುವಿಲ್ಲ. ಮೂರನೆಯದಾಗಿ, ಚಿಕ್ಕದರಿಂದ ಆರಂಭಿಸಿ. ವರ್ಷಕ್ಕೊಂದು ಮಹಾಯಾತ್ರೆಗಿಂತ ವಾರಕ್ಕೆ ಅರ್ಧ ಗಂಟೆ ಮೇಲು. ಸಲಕರಣೆ ಅಟ್ಟದ ಮೇಲಿರದೆ ಕೈಗೆಟುಕುವಂತಿರಲಿ. ನಾಲ್ಕನೆಯದಾಗಿ, ಒಬ್ಬ ಜೊತೆಗಾರನಿರಲಿ. ನಮಗೆ ನಾವು ಕೊಟ್ಟ ಮಾತನ್ನು ಮುರಿಯುವುದು ಸುಲಭ, ಇನ್ನೊಬ್ಬನು ಹೊಲದಲ್ಲಿ ಕಾಯುತ್ತಿದ್ದಾನೆಂದರೆ ಕಾಲು ತಾನಾಗಿ ನಡೆಯುತ್ತದೆ. ಕೊನೆಯದಾಗಿ, ಚೆನ್ನಾಗಿ ಆಡಲೇಬೇಕೆಂಬ ಹಟ ಬೇಡ. ಬೇವಿನ ಮರಕ್ಕೆ ಸಿಕ್ಕಿದ ಪಟವೂ ಲೆಕ್ಕಕ್ಕೆ ಬರುತ್ತದೆ.

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆಯೆ?’ ಎಂದು ಯಾರಾದರೂ ಕೇಳಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಬೆಳಗ್ಗೆ ಅಂಗಡಿಯಲ್ಲಿ ದುಡಿದು ತರಗತಿಗೆ ಬರುವವರು. ಅವರ ಮುಂದೆ ಬಿಡುವಿನ ಮಾತಾಡಲು ನನಗೂ ಸಂಕೋಚವಿದೆ. ಸಾಲ ಮಾಡಿ ಪಾತ್ರ ಹಿಡಿದು ಕೆಟ್ಟವರನ್ನೂ ನಮ್ಮ ಹಳ್ಳಿಯಲ್ಲಿ ಕಂಡಿದ್ದೇನೆ; ಅಂಥ ವರ್ಷ ಅಪ್ಪ ಹಿಂದೆ ಸರಿದದ್ದು ಸರಿಯೇ. ಆದರೆ ಪಾತ್ರ ಬಿಟ್ಟ ವರ್ಷವೂ ಎತ್ತುಗಳ ಮುಂದೆ ಆ ಸವಾಲನ್ನು ಹಾಕಬಹುದಾಗಿತ್ತಲ್ಲವೆ? ಅದಕ್ಕೆ ಚಂದಾ ಇರಲಿಲ್ಲ. ಅಪ್ಪ ಅದನ್ನೂ ನಿಲ್ಲಿಸಿದ್ದರು. ನನಗೆ ಇಂದಿಗೂ ಕೊರಗುವುದು ಅದೇ.

ಆ ಗದೆ ಈಗ ನನ್ನ ಓದುವ ಮೇಜಿನ ಮೇಲಿದೆ. ಕಿಟಕಿಯಿಂದ ಬರುವ ಗಾಳಿಗೆ ಕಿರುಪರೀಕ್ಷೆಯ ಕಾಗದಗಳು ಹಾರದಂತೆ ಅವುಗಳ ಮೇಲೆ ಇಟ್ಟಿರುತ್ತೇನೆ. ಗಾಳಿ ಜೋರಾಗಿ ಬೀಸಿದ ದಿನ ಅದು ನನಗೆ ಬೇರೆಯೇ ಒಂದು ಕೆಲಸವನ್ನು ನೆನಪಿಸುತ್ತದೆ. ಬರುವ ಆಷಾಢದ ಮೊದಲ ಭಾನುವಾರ, ಸಂಜೆ ನಾಲ್ಕು ಗಂಟೆಗೆ, ನಾವು ಕೆಲವರು ಹಿರಿಯೂರಿನ ಆ ಹೊಲದಲ್ಲಿಯೇ ಸೇರುವವರಿದ್ದೇವೆ. ಸಹೋದ್ಯೋಗಿಗಳೂ ವಿದ್ಯಾರ್ಥಿಗಳೂ ಬರಬಹುದು. ನೂಲಿನ ದಾರ ತನ್ನಿ. ಬಾಲಂಗೋಚಿಗೆ ಹಳೆಯ ಸೀರೆ ನಮ್ಮ ಮನೆಯಲ್ಲಿದೆ. ಸೂತ್ರ ಕಟ್ಟುವುದು ಬಾರದವರು ಹೆದರಬೇಕಾಗಿಲ್ಲ. ಕಲಿಸಲು ನಮ್ಮ ಆ ವಿದ್ಯಾರ್ಥಿ ಒಪ್ಪಿದ್ದಾನೆ.